8.45 ಅಂದರೆ ಎಂಟೂ ಮುಕ್ಕಾಲು: ಹಾಜರಿ ಪುಸ್ತಕ ಕಲಿಸಿದ ಲೆಕ್ಕ

ಪೀಣ್ಯದ ಒಂದು ಗಾರ್ಮೆಂಟ್ಸ್‌ನಲ್ಲಿ ಹಾಜರಿ, ಸಂಬಳದ ಲೆಕ್ಕ ನನ್ನ ಕೆಲಸವಾಗಿತ್ತು. ಸೇರಿದ ಹೊಸದರಲ್ಲಿ ಟೈಲರ್ ಅಕ್ಕ ಒಬ್ಬರು ಕ್ಯಾಲೆಂಡರ್ ಹಾಳೆ ಹಿಡಿದು ಬಂದರು. ದಿನಾ ಎಷ್ಟು ಹೊತ್ತು ದುಡಿದೆ ಅಂತ ಅದರಲ್ಲಿ ಬರೆದುಕೊಂಡಿದ್ದರು. "ಸಾರ್, ನಂದು ಒಂದು ಗಂಟೆ ಮೇಲೆ ಕಮ್ಮಿ ಬಂದಿದೆ, ನೋಡಿ" ಎಂದರು.

ನನ್ನ ಪುಸ್ತಕದಲ್ಲಿ ಅವರ ಆರು ದಿನ ಹೀಗಿತ್ತು: 9.15, 8.45, 9.30, 8.50, 9.20, 8.40. ಕ್ಯಾಲ್ಕುಲೇಟರ್‌ನಲ್ಲಿ ಕೂಡಿದಾಗ 53.00 ಬಂದಿತ್ತು. ಕೊನೆಗೆ ಎರಡು ಸೊನ್ನೆ ನೋಡಿ ಅನುಮಾನವೇ ಬಂದಿರಲಿಲ್ಲ. ಅವರ ಮುಂದೆಯೇ ಮತ್ತೆ ಕೂಡಿದೆ, ಈ ಸಲ ಗಂಟೆ ಬೇರೆ, ನಿಮಿಷ ಬೇರೆ. ಗಂಟೆ 51. ನಿಮಿಷ 200, ಅಂದರೆ 3 ಗಂಟೆ 20 ನಿಮಿಷ. ಒಟ್ಟು 54 ಗಂಟೆ 20 ನಿಮಿಷ! 1 ಗಂಟೆ 20 ನಿಮಿಷವನ್ನು ನಾನು ಇಟ್ಟ ಚುಕ್ಕಿ ತಿಂದುಹಾಕಿತ್ತು. ವಾರಕ್ಕೆ 48 ಗಂಟೆ ದಾಟಿದ್ದೆಲ್ಲ ಓಟಿ, ಅಂದರೆ ಹೆಚ್ಚುವರಿ ದುಡಿಮೆ, ಅದಕ್ಕೆ ಎರಡು ಪಟ್ಟು ಕೂಲಿ. ಗಂಟೆಗೆ 60 ರೂಪಾಯಿಯಂತೆ ಅವರಿಗೆ ಬರಬೇಕಿದ್ದದ್ದು ಇನ್ನೂ 160 ರೂಪಾಯಿ. ಹಿಂದಿನ ವಾರಗಳದ್ದೂ ತೆಗೆದು, ಎಲ್ಲರ ಲೆಕ್ಕ ಮತ್ತೆ ಕೂಡಿ, ಬಾಕಿ ಕೊಡಿಸಿದೆ.

8.45 ಅಂತ ಬರೆದಿದ್ದನ್ನು ನಾವು ಎಂಟೂ ಮುಕ್ಕಾಲು ಅಂತಲೇ ಓದುತ್ತೇವೆ ಅಲ್ವಾ? ಮುಕ್ಕಾಲು ಅಂದರೆ 0.75. ಬಾಯಿ ಸರಿಯಾಗಿಯೇ ಹೇಳುತ್ತದೆ, ಕೈ ಮಾತ್ರ .45 ಬರೆಯುತ್ತದೆ. ನಿಮಿಷ 60ಕ್ಕೆ ಗಂಟೆಯಾಗುತ್ತದೆ, ಕ್ಯಾಲ್ಕುಲೇಟರ್ 100 ಆಗುವ ತನಕ ಕಾಯುತ್ತದೆ.

ಅಂದಿನಿಂದ ಚುಕ್ಕಿ ಬಿಟ್ಟೆ. ಒಳಗೆ ಬಂದ ಹೊತ್ತು, ಹೊರಗೆ ಹೋದ ಹೊತ್ತಿಗೆ 08:45, 17:30 ಅಂತ ನಾಲ್ಕು ಅಂಕಿ, ನಡುವೆ ಎರಡು ಚುಕ್ಕಿ. ರೈಲಿನ ವೇಳಾಪಟ್ಟಿಯ ಹಾಗೆ 24 ಗಂಟೆಯ ಲೆಕ್ಕ. ಮಧ್ಯಾಹ್ನ 12:00, ನಡುರಾತ್ರಿ 00:00, ಗೊಂದಲವೇ ಇಲ್ಲ. ಕೆಲಸ ಮಾಡಿದ ಅವಧಿಗೆ ಮಾತ್ರ 8 ಗಂ 45 ನಿ. ಗಡಿಯಾರದ ಹೊತ್ತು, ದುಡಿದ ಹೊತ್ತು ಎರಡೂ ಒಂದೇ ರೂಪದಲ್ಲಿದ್ದರೆ ಸುಸ್ತಾದ ಸಂಜೆ ಕಣ್ಣು ತಪ್ಪುತ್ತದೆ. ಸಂಬಳಕ್ಕೆ ಗುಣಿಸುವ ಕಾಲಂ ಬೇರೆ. ಅಲ್ಲಿ ನಿಮಿಷವನ್ನು 60ರಿಂದ ಭಾಗಿಸಿ 8.75 ಅಂತ ಬರೆದೆ, ಮೇಲೆ "ದಶಮಾಂಶ ಗಂಟೆ" ಎಂದು ದಪ್ಪಕ್ಷರದ ತಲೆಬರಹ ಹಾಕಿದೆ.

ಆಮೇಲೆ ಎಕ್ಸೆಲ್ ಬಂತು. ಅದೇ ಆರು ದಿನವನ್ನು ಕೂಡಿದರೆ 6:20 ತೋರಿಸಿತು! ಎರಡು ದಿನ ಪೂರ್ತಿ, 48 ಗಂಟೆ ಮಾಯ. ಫಾರ್ಮ್ಯಾಟ್ ಸೆಲ್ಸ್‌ನ ಟೈಮ್ ಪಟ್ಟಿಯಲ್ಲಿ 37:30:55 ಎಂಬ ನಮೂನೆ ಆರಿಸಿದಾಗ 54:20:00 ಕಂಡಿತು. ಇನ್ನೊಂದು ವಿಷಯ, ಎಕ್ಸೆಲ್‌ಗೆ 1 ಅಂದರೆ ಒಂದು ಇಡೀ ದಿನ. ಹಾಗಾಗಿ ಕೂಲಿಗೆ ಗುಣಿಸುವ ಮುಂಚೆ 24ರಿಂದ ಗುಣಿಸಲೇಬೇಕು.

ರಾತ್ರಿ ಪಾಳಿ ಜಾಸ್ತಿ ಕಾಡಿತು. 22:00ಕ್ಕೆ ಬಂದು 06:00ಕ್ಕೆ ಹೋದವರದ್ದು ಕಳೆದರೆ ಸೆಲ್ ತುಂಬಾ ### ಬರುತ್ತಿತ್ತು. ಹೋದ ಹೊತ್ತಿಗೆ 24 ಗಂಟೆ, ಅಂದರೆ ಎಕ್ಸೆಲ್‌ನ ಲೆಕ್ಕದಲ್ಲಿ 1, ಸೇರಿಸಿ 30:00 ಮಾಡಿಕೊಂಡೆ. 30ರಲ್ಲಿ 22 ಕಳೆದರೆ 8 ಗಂಟೆ. ಹಾಜರಿ ಮಾತ್ರ ಪಾಳಿ ಶುರುವಾದ ತಾರೀಖಿಗೇ. ಇದನ್ನು ಪುಸ್ತಕದ ಮೊದಲ ಹಾಳೆಯಲ್ಲೇ ಬರೆದಿಟ್ಟೆ.