ಮೇಣದಬತ್ತಿಗೆ ತಕ್ಕ ದಾರವನ್ನು ಆರಿಸುವುದು ಹೇಗೆ?

ತುಮಕೂರಿನಲ್ಲಿ ದೀಪಾವಳಿ, ಕ್ರಿಸ್‌ಮಸ್ ಹೊತ್ತಿಗೆ ಮನೆಯಲ್ಲೇ ಮೇಣದಬತ್ತಿ ಮಾಡಿ ಮಾರಬೇಕೆನ್ನುವವರು ಬಣ್ಣ, ಸುವಾಸನೆಗಳಿಗಿಂತ ಮೊದಲು ಒಳಗಿನ ದಾರದ ಬಗ್ಗೆ ಯೋಚಿಸಬೇಕು; ಕರಗಿದ ಮೇಣವನ್ನು ಜ್ವಾಲೆಯವರೆಗೆ ಹೀರಿ ತರುವುದು ಅದೇ. ದೇವರ ದೀಪಕ್ಕೆ ಹೊಸೆಯುವ ಅರಳೆ ಬತ್ತಿ ಇಲ್ಲಿ ಒಗ್ಗುವುದಿಲ್ಲ, ಹೆಣೆದ ಹತ್ತಿದಾರವೇ ಬೇಕು.

ಚಪ್ಪಟೆಯಾಗಿ ಹೆಣೆದ ದಾರವು ಉರಿಯುತ್ತ ತುದಿಯಲ್ಲಿ ಬಾಗಿ, ಜ್ವಾಲೆಯ ಅಂಚಿಗೆ ಬಂದು ತಾನೇ ಸುಟ್ಟುಹೋಗುವುದರಿಂದ ಉದ್ದನೆಯ ಮೇಣದಬತ್ತಿಗಳಿಗೆ ಚೆನ್ನಾಗಿ ಹೊಂದುತ್ತದೆ. ಜೇನುಮೇಣಕ್ಕೆ ಚೌಕ ಹೆಣಿಗೆಯದು ವಾಸಿ. ಗಾಜಿನ ಲೋಟದಲ್ಲಿ ಮೇಣ ಕರಗಿದಾಗ ದಾರ ವಾಲದಂತೆ, ನಡುವೆ ಕಾಗದದ ಎಳೆ ಇರುವುದನ್ನು ಆರಿಸಿ, ಬುಡಕ್ಕೆ ಲೋಹದ ಬಿಲ್ಲೆ ಸಿಕ್ಕಿಸಿ ಕೂರಿಸಬೇಕು. ಸೀಸದ ಎಳೆಯಿರುವ ದಾರವಂತೂ ಬೇಡವೇ ಬೇಡ. ಅಮೆರಿಕದಲ್ಲಿ ಅದನ್ನು 2003ರಲ್ಲೇ ನಿಷೇಧಿಸಲಾಯಿತು. ದಾರದ ಬದಲು ಇಡುವ, ಚಟಪಟ ಸದ್ದು ಮಾಡುವ ಮರದ ಪಟ್ಟಿ ನೋಡಲು ಸೊಗಸು, ಆದರೆ ಪದೇ ಪದೇ ನಂದುವ ಅದನ್ನು ಹೊಸಬರಿಗೆ ನಾನು ಹೇಳಲಾರೆ.

ದಾರದ ದಪ್ಪವನ್ನು ಉರಿಸಿಯೇ ನಿರ್ಧರಿಸಬೇಕು. ಲೋಟದ ಅಗಲದ ಪ್ರತಿ ಇಂಚಿಗೆ ಸುಮಾರು ಒಂದು ಗಂಟೆಯಂತೆ ಉರಿಸಿದಾಗ ಕರಗಿದ ಮೇಣ ಅಂಚು ಮುಟ್ಟಿದರೆ ಅಳತೆ ಸರಿಯಿದೆ ಎಂದರ್ಥ. ನಡುವೆ ಮಾತ್ರ ಗುಳಿ ಬಿದ್ದು ಸುತ್ತಲಿನ ಮೇಣ ಹಾಗೇ ಉಳಿದರೆ ದಾರ ಸಣ್ಣದಾಯಿತು. ಜ್ವಾಲೆ ಕುಣಿದು, ಗಾಜಿಗೆ ಮಸಿ ಹಿಡಿದು, ತುದಿಯಲ್ಲಿ ಅಣಬೆಯಂಥ ಕರಿಗಂಟು ಕಟ್ಟಿದರೆ ದಪ್ಪವಾಯಿತು. ಅಗಲವಾದ ಪಾತ್ರೆಗೆ ಒಂದು ದಪ್ಪ ದಾರದ ಬದಲು ಎರಡು ಸಣ್ಣವನ್ನು ಇಡುವುದು ಮೇಲು. ಪರೀಕ್ಷೆಯಲ್ಲೂ ಪ್ರತಿ ಸಲ ಹಚ್ಚುವ ಮೊದಲು ತುದಿಯನ್ನು 6 ಮಿಲಿಮೀಟರಿಗೆ ಕತ್ತರಿಸಿರಬೇಕು.