ಮಳೆ ಹಿಡಿಯುವ ಮುಂಚೆ ತೂತು ಮುಚ್ಚಿ: ಕಾರವಾರಕ್ಕೆ ಹೊಸದಾಗಿ ಬಂದ ಕುಟುಂಬಗಳಿಗೆ

ಕೈಗಾಕ್ಕೋ, ನೌಕಾನೆಲೆಗೋ, ಸರ್ಕಾರಿ ಕಚೇರಿಗೋ ವರ್ಗವಾಗಿ ಬರುವವರು ಹೆಚ್ಚಾಗಿ ಶಾಲೆ ಶುರುವಾಗುವ ಹೊತ್ತಿಗೆ ಇಲ್ಲಿ ಬಂದಿಳಿಯುತ್ತಾರೆ. ಸಾಮಾನು ಜೋಡಿಸುವಷ್ಟರಲ್ಲಿ ಮಳೆ ಹಿಡಿಯುತ್ತದೆ. ಕಾರವಾರದಲ್ಲಿ ವರ್ಷಕ್ಕೆ ಸುಮಾರು 3,000 ಮಿ.ಮೀ. ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ. ಬಿಲಕ್ಕೆ ನೀರು ನುಗ್ಗಿದಾಗ ಒಳಗಿದ್ದ ಇಲಿ, ಹಾವು ಎಲ್ಲ ಒಣ ಜಾಗ ಹುಡುಕುತ್ತವೆ. ನಿಮ್ಮ ಮನೆ ಒಣಗಿದೆ, ಅಷ್ಟೇ ಅವಕ್ಕೆ ಗೊತ್ತು.

ಬಯಲುಸೀಮೆಯಿಂದ ಬಂದವರು ಇಲ್ಲಿ ಮೊದಲು ಕೇಳುವುದು, "ಹಾವಿಗೆ ಯಾವ ಔಷಧಿ ಹೊಡೀಬೇಕು?" ಅಂತ. ಹಾವಿಗೆ ಔಷಧಿ ಇಲ್ಲ. ಬೆಳ್ಳುಳ್ಳಿ ರಸ, ಗಂಧಕ, ಫಿನೈಲ್ ಯಾವುದನ್ನು ಸುರಿದರೂ ಅದು ದಾಟಿಕೊಂಡೇ ಬರುತ್ತದೆ. ಹಾವು ಬರುವುದು ಇಲಿ, ಕಪ್ಪೆ ಹುಡುಕಿಕೊಂಡು. ಇಲಿ ಬರುವುದು ಅಕ್ಕಿ ಚೀಲಕ್ಕೆ, ಮೀನಿನ ಕಸಕ್ಕೆ. ಹಾಗಾಗಿ ಕೆಲಸ ಶುರುವಾಗಬೇಕಾದದ್ದು ಅಡುಗೆಮನೆಯಿಂದ.

ಅಕ್ಕಿ, ಬೇಳೆ, ಒಣಮೀನು ಚೀಲದಲ್ಲಿ ಇಡಬೇಡಿ, ಮುಚ್ಚಳವಿರುವ ಡಬ್ಬಿಗೆ ಹಾಕಿ. ಮೀನು ಹೆಚ್ಚಿದ ಕಸವನ್ನು ರಾತ್ರಿ ಹಿತ್ತಲಿಗೆ ಎಸೆದರೆ ಬೆಕ್ಕು, ನಾಯಿ, ಹೆಗ್ಗಣ ಎಲ್ಲಕ್ಕೂ ಊಟ. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಫ್ರೀಜರ್‌ನಲ್ಲಿ ಇಟ್ಟು, ಬೆಳಿಗ್ಗೆ ನಗರಸಭೆ ಗಾಡಿ ಬಂದಾಗ ಹಸಿ ಕಸಕ್ಕೆ ಹಾಕಿ. ಕೇಳಲು ವಿಚಿತ್ರ ಅನ್ನಿಸಬಹುದು, ಆದರೆ ವಾಸನೆಯೂ ಇಲ್ಲ, ಜಗಳವೂ ಇಲ್ಲ.

ಆಮೇಲೆ ತೂತು. ರಾತ್ರಿ ಮನೆಯ ದೀಪ ಎಲ್ಲ ಆರಿಸಿ, ಒಬ್ಬರು ಹೊರಗಿನಿಂದ ಗೋಡೆಯ ಬುಡಕ್ಕೆ, ಬಾಗಿಲ ಕೆಳಗೆ ಟಾರ್ಚ್ ಬಿಡಲಿ. ಒಳಗೆ ಬೆಳಕು ಎಲ್ಲಿ ಕಂಡಿತೋ ಅಲ್ಲಿ ದಾರಿ ಇದೆ. ಪೆನ್ಸಿಲ್ ತೂರುವಷ್ಟು ಸಂದಿ ಇದ್ದರೂ ಚಿಕ್ಕ ಇಲಿಗೆ ಸಾಕು. ಗ್ಯಾಸ್ ಪೈಪಿನ ತೂತು, ಎಸಿ ಪೈಪಿನ ತೂತು, ಹಂಚಿನ ಮನೆಯಾದರೆ ಗೋಡೆಯೂ ಮಾಡೂ ಸೇರುವ ಜಾಗ, ಇವನ್ನು ಮರೆಯಬೇಡಿ. ಪಾತ್ರೆ ಉಜ್ಜುವ ಸ್ಟೀಲ್ ನಾರು ತುರುಕಿ ಮೇಲೆ ಸಿಮೆಂಟ್ ಮೆತ್ತಿದರೆ ಇಲಿ ಕಡಿಯಲಾರದು. ಬಚ್ಚಲಿನ ನೀರು ಹೋಗುವ ಕಡೆ ಜಾಲರಿ ಬೇಕೇ ಬೇಕು. ಸ್ಟೀಲ್‌ನದ್ದನ್ನೇ ಕೇಳಿ ತನ್ನಿ. ಸಮುದ್ರದ ಉಪ್ಪುಗಾಳಿಗೆ ಕಬ್ಬಿಣದ ಜಾಲರಿ ಬೇಗ ಪುಡಿಯಾಗುತ್ತದೆ. ಇದನ್ನೆಲ್ಲ ಮನೆ ಒಪ್ಪಂದಕ್ಕೆ ಸಹಿ ಹಾಕುವ ಮೊದಲೇ ಮಾಲೀಕರ ಹತ್ತಿರ ಮಾಡಿಸಿಕೊಂಡರೆ ಒಳ್ಳೆಯದು. ಆಮೇಲೆ "ಮಳೆ ಮುಗಿಲಿ ನೋಡುವಾ" ಅಂತಾರೆ.

ಒಳಗೆ ಸೇರಿಬಿಟ್ಟ ಇಲಿಗೆ ಬೋನು ಇಡಿ, ಕೊಬ್ಬರಿ ಚೂರು ಸಿಕ್ಕಿಸಿ. ಇಲಿ ಪಾಷಾಣ ಬೇಡ. ತಿಂದ ಇಲಿ ಅಟ್ಟದಲ್ಲೆಲ್ಲೋ ಸತ್ತು ವಾರಗಟ್ಟಲೆ ನಾರುತ್ತದೆ. ಅದಕ್ಕಿಂತ ಮುಖ್ಯ, ಇಲಿ ಪಾಷಾಣವಾಗಿ ಬಳಸುವ ರಂಜಕದ ಪೇಸ್ಟ್ ಮಗುವಿನ ಬಾಯಿಗೆ ಹೋದರೆ ಅದಕ್ಕೆ ಪ್ರತಿವಿಷವೇ ಇಲ್ಲ. ಇಲಿ ಮೂತ್ರ ಸೇರಿದ ನೀರಿನಿಂದ ಇಲಿಜ್ವರ ಬರುತ್ತದೆ. ಕಾಲಲ್ಲಿ ಗಾಯವಿದ್ದಾಗ ನಿಂತ ಮಳೆನೀರಲ್ಲಿ ಬರಿಗಾಲಲ್ಲಿ ಓಡಾಡಬೇಡಿ.

ಅಂಗಳದಲ್ಲಿ ಕಟ್ಟಿಗೆ, ತೆಂಗಿನ ಗರಿ, ಹಳೇ ಹಂಚು ಗೋಡೆಗೆ ಒರಗಿಸಿ ಗುಡ್ಡೆ ಹಾಕಬೇಡಿ. ಗಾರೆ ಮಾಡದ ಕೆಂಪುಕಲ್ಲಿನ ಪಾಗಾರದ ಸಂದುಗಳಲ್ಲಿ ಹಾವು, ಚೇಳು ಆರಾಮಾಗಿ ಇರುತ್ತವೆ. ಪಕ್ಕದಲ್ಲಿ ನಾಗಬನ ಇದ್ದರೆ ಅದರ ಗಿಡ ಕಡಿಸುವ ಮಾತು ಎತ್ತಲೇಬೇಡಿ, ಊರಲ್ಲಿ ಯಾರೂ ಒಪ್ಪುವುದಿಲ್ಲ.

ಹಾವು ಒಳಗೇ ಬಂದರೆ ಆ ಕೋಣೆಯ ಬಾಗಿಲು ಹಾಕಿ, ಕೆಳಗಿನ ಸಂದಿಗೆ ಬಟ್ಟೆ ತುರುಕಿ, ಅರಣ್ಯ ಇಲಾಖೆಯ 1926ಕ್ಕೆ ಫೋನ್ ಮಾಡಿ. ಬಂದದ್ದು ಬರೀ ಕೇರೆಹಾವು ಇರಬಹುದು. ಆದರೆ ವಿಷವಿಲ್ಲದ ತೋಳದ ಹಾವೂ ಕಡು ವಿಷದ ಕಟ್ಟುಹಾವೂ ನೋಡಲು ಒಂದೇ ಥರ, ಗುರುತು ಹಿಡಿಯುವ ಸಾಹಸ ಬೇಡ. ಹೊಡೆದು ಸಾಯಿಸುವುದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ. ಕಟ್ಟುಹಾವು ರಾತ್ರಿ ತಿರುಗುವಂಥದ್ದು, ನೆಲದಲ್ಲಿ ಮಲಗಿದವರನ್ನು ಕಚ್ಚುತ್ತದೆ. ಕಚ್ಚಿದ್ದು ನೋವಾಗದೇ ಗೊತ್ತೇ ಆಗದಿರಬಹುದು. ಕರೆಂಟ್ ಹೋದಾಗ ಸೆಖೆ ಅಂತ ನೆಲದಲ್ಲಿ ಮಲಗಬೇಡಿ. ಮಂಚದ ಮೇಲೆ ಸೊಳ್ಳೆಪರದೆ ಕಟ್ಟಿ, ಅಂಚನ್ನು ಹಾಸಿಗೆ ಅಡಿಗೆ ಸಿಕ್ಕಿಸಿ. ಕಚ್ಚಿದ್ದು ಹೌದಾದರೆ ಕೊಯ್ಯುವುದು, ಚೀಪುವುದು, ಹಗ್ಗ ಬಿಗಿಯುವುದು ಏನೂ ಬೇಡ. ಕೈಕಾಲು ಅಲುಗಿಸದೆ 108 ಕರೆದು ನೇರ ಸರ್ಕಾರಿ ಆಸ್ಪತ್ರೆಗೆ ಹೋಗಿ.

ನಿಂತ ನೀರಲ್ಲಿ ಸೊಳ್ಳೆ ಹುಟ್ಟುವುದು ನಿಮಗೆ ಗೊತ್ತಿರುವುದೇ. ಇಲ್ಲಿ ಸೇರಿಸಬೇಕಾದದ್ದು ತೆಂಗಿನ ಗರಟೆ, ಅಡಿಕೆ ಹಾಳೆ, ಫ್ರಿಜ್ ಹಿಂದಿನ ತಟ್ಟೆ. ವಾರಕ್ಕೊಮ್ಮೆ ನೀರು ಚೆಲ್ಲಿ, ಉಜ್ಜಿ. ಮೊದಲ ಮಳೆಯ ಸಂಜೆ ರೆಕ್ಕೆಹುಳುಗಳು ಮುತ್ತಿದರೆ ದೀಪ ಆರಿಸಿ ಕೂತುಬಿಡಿ, ಒಂದು ಗಂಟೆಯ ಪಂಚಾಯ್ತಿ ಅಷ್ಟೇ. ಆದರೆ ಅವು ಗೆದ್ದಲೇ, ಬಾಗಿಲ ಚೌಕಟ್ಟಲ್ಲಿ ಮಣ್ಣಿನ ಗೆರೆ ಕಂಡರೆ ಮಾಲೀಕರಿಗೆ ಹೇಳಿ.

ಹಂಚಿನ ಮನೆಯ ಅಟ್ಟದಲ್ಲಿ ಮಧ್ಯರಾತ್ರಿ ಯಾರೋ ನಡೆದ ಸದ್ದಾದರೆ ಕಳ್ಳನಲ್ಲ, ದೆವ್ವವೂ ಅಲ್ಲ. ಬಹುಶಃ ಕಬ್ಬೆಕ್ಕು, ಅಂದರೆ ಪುನುಗು ಬೆಕ್ಕಿನ ಜಾತಿಯ ಕಾಡುಪ್ರಾಣಿ. ಅದು ಮೇಯಲು ಹೊರಗೆ ಹೋದಾಗ ದಾರಿ ಮುಚ್ಚಬೇಕು, ಮರಿ ಇಲ್ಲ ಅಂತ ನೋಡಿಕೊಂಡು.

ಮಂಗಗಳಿಗೆ ಮಾತ್ರ ಒಂದು ಬಿಸ್ಕೆಟ್ಟನ್ನೂ ಕೊಡಬೇಡಿ. ಇವತ್ತು ಮಕ್ಕಳು ಕೊಟ್ಟರೆ ನಾಳೆ ಹಿಂಡೇ ಬಂದು ಹಂಚು ಸರಿಸುತ್ತದೆ, ಸೋರುವುದು ನಿಮ್ಮ ತಲೆ ಮೇಲೆ. ಘಟ್ಟದ ಮೇಲೆ ಸಿದ್ದಾಪುರ, ಶಿರಸಿ ಕಡೆ ವರ್ಗವಾಗುವವರಿಗೆ ಇನ್ನೊಂದು ಮಾತು: ಮಂಗ ಸತ್ತು ಬಿದ್ದಿದ್ದರೆ ಹತ್ತಿರ ಹೋಗಬೇಡಿ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಮಂಗನ ಕಾಯಿಲೆ ಹರಡುವುದು ಉಣುಗಿನಿಂದ. ಚಳಿಗಾಲದಿಂದ ಮೇ ತನಕ ಕಾಡಿಗೆ ಹೋಗಿ ಬಂದರೆ ಬಿಸಿನೀರಲ್ಲಿ ಸ್ನಾನ ಮಾಡಿ, ಹಾಕಿಕೊಂಡಿದ್ದ ಬಟ್ಟೆಯನ್ನು ಆಗಲೇ ಕುದಿಯುವ ನೀರಿಗೆ ಹಾಕಿ.