ವಂಶವೃಕ್ಷದಲ್ಲಿ ಜಾಗವಿಲ್ಲದ ಹಳೇಮಗ

ಮಂಡ್ಯ ಸೀಮೆಯ ಒಂದು ಹಳ್ಳಿಯಲ್ಲಿ ಕ್ಷೇತ್ರಕಾರ್ಯಕ್ಕೆ, ಅಂದರೆ ಊರಲ್ಲೇ ಉಳಿದು ಜನರ ಬದುಕನ್ನು ಅಧ್ಯಯನ ಮಾಡಲು, ಕೂತಾಗ ಮೊದಲು ಕೈಹಾಕಿದ್ದು ನೆಂಟಸ್ತಿಕೆಯ ನಕ್ಷೆಗೆ. ಗಂಡಸಿಗೆ ತ್ರಿಕೋನ, ಹೆಂಗಸಿಗೆ ವೃತ್ತ, ಮದುವೆಗೆ ಎರಡು ಗೆರೆ. ಹೇಳಿದಷ್ಟು ಸಲೀಸಲ್ಲ. ನಮ್ಮ ಕಡೆ ಅಕ್ಕನ ಮಗಳನ್ನು ತಂದುಕೊಂಡವನು ಅಕ್ಕನಿಗೇ ಅಳಿಯ. ತಲೆಮಾರಿನ ಗೆರೆ ಓರೆಯಾಗಿ ಓಡುತ್ತೆ. ಮೂರು ಹಾಳೆ ಹರಿದ ಮೇಲೆ ಪೆನ್ನು ಬಿಟ್ಟು ಪೆನ್ಸಿಲ್ ಹಿಡಿದೆ. ‘ಅವರು ನಿಮಗೆ ಏನಾಗಬೇಕು’ ಅನ್ನುವ ಬದಲು ‘ಏನಂತ ಕರೀತೀರಿ’ ಎಂದು ಕೇಳತೊಡಗಿದೆ.

“ಅವ್ನಾ? ನಮ್ಮನೆ ಹಳೇಮಗ,” ಅಂದರು ನಾನು ಉಳಿದಿದ್ದ ಮನೆಯ ಯಜಮಾನರು. ಮಗ ಅಂದರಲ್ಲ ಎಂದು ತ್ರಿಕೋನ ಬರೆಯಹೋದೆ. ಅವರು ನಕ್ಕುಬಿಟ್ಟರು. ಹಳೇಮಗ ಎಂದರೆ ಒಕ್ಕಲಿಗರ ಮನೆಗೆ ತಲೆತಲಾಂತರದಿಂದ ದುಡಿದ ದಲಿತ ಮನೆಯವನು. ಮದುವೆಯಲ್ಲಿ ಪಂಜು ಹಿಡಿಯಬೇಕಿತ್ತು, ಸತ್ತ ದನ ಎಳೆಯಬೇಕಿತ್ತು. ಸುಗ್ಗಿಯಲ್ಲಿ ಕಣದಿಂದ ಹುಲ್ಲು ಸಮೇತ ಭತ್ತದ ಹೊರೆ. ಹೆಸರಲ್ಲಿ ಮಗ, ಹೊಸಿಲು ಮಾತ್ರ ದಾಟುವಂತಿರಲಿಲ್ಲ.

ಆಮೇಲೆ ಮನೆಯ ಸಾಮಾನಿನ ಪಟ್ಟಿ ಮಾಡಿದೆ. ಪ್ರತಿ ಪಾತ್ರೆಗೂ ಮೂರು ಕಾಲಂ: ಎಲ್ಲಿರುತ್ತೆ, ಯಾರು ಮುಟ್ಟುತ್ತಾರೆ, ಯಾರು ತೊಳೆಯುತ್ತಾರೆ. ಅಡುಗೆಮನೆ, ನಡುಮನೆ ಮುಗಿದು ಕೊಟ್ಟಿಗೆಗೆ ಬಂದರೆ ಸೂರಿನ ಸಂದಿಯಲ್ಲಿ ನೆಗ್ಗಿದ ಅಲ್ಯೂಮಿನಿಯಂ ಲೋಟ, ಬಾಯಿಗೆ ಜೇಡರ ಬಲೆ. “ಅದೆಲ್ಲ ಯಾಕವ್ವ, ಬುಡು,” ಅಂದರು ಮನೆಯಾಕೆ. ಈಗ ಅದರಲ್ಲಿ ಯಾರೂ ಕುಡಿಯುವುದಿಲ್ಲವಂತೆ. ಬಿಸಾಡಿಯೂ ಇಲ್ಲ. ಅಸ್ಪೃಶ್ಯತೆ ಆಚರಿಸಿದರೆ ಶಿಕ್ಷೆ ಎಂಬ ಕಾಯ್ದೆ ಬಂದದ್ದು 1955ರಲ್ಲಿ. ಮೂರನೇ ಕಾಲಮ್ಮಿನಲ್ಲಿ ‘ಕುಡಿದವನೇ’ ಎಂದು ಬರೆದುಕೊಂಡೆ.

ಒಂದು ತಪ್ಪು ನನ್ನದೇ. ಬಿಡಾರ ಹೂಡಿದ್ದು ಗೌಡರ ಮನೆಯಲ್ಲಿ. 1948ರಲ್ಲಿ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸರೂ ಮೈಸೂರಿನ ಹತ್ತಿರದ ಹಳ್ಳಿಯಲ್ಲಿ ಊರ ಮುಖಂಡರ ಆಶ್ರಯದಲ್ಲೇ ಇದ್ದರು. ಅದನ್ನು ಓದಿಯೂ ನನಗೆ ಬುದ್ಧಿ ಬಂದಿರಲಿಲ್ಲ. ದಲಿತರ ಕೇರಿಯಲ್ಲಿ ಏನು ಕೇಳಿದರೂ “ಎಲ್ಲಾ ಚೆನ್ನಾಗದೆ” ಅಂತಲೇ ಉತ್ತರ. ಬೆಳಗಿನ ಕಾಫಿ ಕೇರಿಯಲ್ಲೇ ಕುಡಿಯಲು ಶುರುಮಾಡಿದೆ. ಗೌಡರ ಮನೆಯಲ್ಲಿ ಮುಖ ಸಿಂಡರಿಸಿದರು. ಕೇರಿಯಲ್ಲಿ ಮಾತು ಬಿಚ್ಚಲು ಮತ್ತೂ ಒಂದು ತಿಂಗಳು ಹಿಡಿಯಿತು.

ಹಳೇಮಗನ ತಾಯಿ ಒಂದು ದಿನ ಸೊಪ್ಪು ಸೋಸುತ್ತಾ ಗೌಡರ ವಂಶವನ್ನು ನಾಲ್ಕು ತಲೆಯವರೆಗೆ ಹೇಳಿದರು: ಯಾರು ಯಾರ ತಂಗಿಯನ್ನು ತಂದರು, ಯಾವ ಮಗು ಕೂಸಲ್ಲೇ ತೀರಿಕೊಂಡಿತು. “ಬರ್ಕೊ ಕನವ್ವ, ಅವರ್ಗೇ ಗೊತ್ತಿಲ್ಲ.” ನಿಜ, ಮೇಲಿನ ಎರಡು ಸಾಲು ಗೌಡರ ಬಾಯಲ್ಲಿ ಬಂದೇ ಇರಲಿಲ್ಲ. ಸಂಜೆ ಅವರಿಗೆ ಆ ಅಜ್ಜಿಯ ಗಂಡನ ಹೆಸರು ಕೇಳಿದೆ. ಹೊತ್ತು ಯೋಚಿಸಿ, “ಅವನ್ನೂ ಹಳೇಮಗ ಅಂತ್ಲೇ ಕೂಗ್ತಿದ್ವಿ,” ಅಂದರು.